ಪ್ರೆಸೆಂಟ್ ಪರ್ಫೆಕ್ಟ್ ವಾಕ್ಯದಲ್ಲಿ ‘ಯೆಸ್ಟರ್‌ಡೇ’ ಏಕೆ ಬರಬಾರದು? ಮಕ್ಕಳಿಗೆ ಹೇಗೆ ವಿವರಿಸಬೇಕು?

ಪ್ರಶ್ನೆ: ಪ್ರೌಢಶಾಲಾ ಶಿಕ್ಷಕಿ

ಎಲ್ಲರಿಗೂ ನಮಸ್ಕಾರ. ನಾನು ಕನ್ನಡ ಮಾಧ್ಯಮದ ಪ್ರೌಢಶಾಲೆಯೊಂದರಲ್ಲಿ ಒಂಬತ್ತನೆಯ ತರಗತಿಗೆ ಇಂಗ್ಲಿಷ್ ಕಲಿಸುತ್ತೇನೆ. ‘ಹ್ಯಾವ್’ ಅಥವಾ ‘ಹ್ಯಾಸ್’ ಜೊತೆಗೆ ಕ್ರಿಯಾಪದದ ಮೂರನೆಯ ರೂಪವನ್ನು ಸೇರಿಸಿ ಪ್ರೆಸೆಂಟ್ ಪರ್ಫೆಕ್ಟ್ ವಾಕ್ಯ ಕಟ್ಟುವುದು ನನ್ನ ವಿದ್ಯಾರ್ಥಿಗಳಿಗೆ ಚೆನ್ನಾಗಿಯೇ ಬರುತ್ತದೆ. ‘ಗೋ, ವೆಂಟ್, ಗಾನ್’ ಪಟ್ಟಿಯನ್ನು ಬಾಯಿಪಾಠವಾಗಿ ಒಪ್ಪಿಸುತ್ತಾರೆ. ತೊಡಕಿರುವುದು ಬಳಕೆಯಲ್ಲಿ. ‘ನಿನ್ನೆಯೇ ಹೋಮ್‌ವರ್ಕ್ ಮುಗಿಸಿದ್ದೇನೆ’ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡು ‘ಐ ಹ್ಯಾವ್ ಫಿನಿಶ್ಡ್ ಮೈ ಹೋಮ್‌ವರ್ಕ್ ಯೆಸ್ಟರ್‌ಡೇ’ ಎಂದು ಬರೆಯುತ್ತಾರೆ. ತಪ್ಪೆಂದು ಗುರುತು ಹಾಕಿದರೆ, ‘ಈಗಷ್ಟೇ ಮುಗಿದ ಕೆಲಸಕ್ಕೆ ಪ್ರೆಸೆಂಟ್ ಪರ್ಫೆಕ್ಟ್ ಎಂದು ಗೈಡ್‌ನಲ್ಲಿದೆ, ನಿನ್ನೆ ಎಂದರೆ ಹತ್ತಿರವೇ ಅಲ್ಲವೇ ಮಿಸ್?’ ಎಂದು ಕೇಳುತ್ತಾರೆ. ಅವರ ಪ್ರಶ್ನೆ ನ್ಯಾಯವಾದದ್ದು. ಇಪ್ಪತ್ತು ವರ್ಷದ ಹಿಂದೆ ಹಂಪಿಯನ್ನು ನೋಡಿದವರು ‘ಐ ಹ್ಯಾವ್ ಸೀನ್ ಹಂಪಿ’ ಎನ್ನಬಹುದು. ಆದರೆ ಹತ್ತು ನಿಮಿಷದ ಹಿಂದೆ ಕಂಡವರನ್ನು ಕುರಿತು ‘ಐ ಸಾ ಹಿಮ್ ಟೆನ್ ಮಿನಿಟ್ಸ್ ಅಗೋ’ ಎಂದೇ ಹೇಳಬೇಕು. ಹೀಗಿರುವಾಗ ‘ಈಗಷ್ಟೇ ಮುಗಿದದ್ದು’ ಎಂಬ ವಿವರಣೆಯನ್ನು ಇನ್ನೂ ಎಷ್ಟು ದಿನ ಹೇಳುತ್ತಿರುವುದು? ಕನ್ನಡದಲ್ಲಿ ಯೋಚಿಸುವ ಮಕ್ಕಳಿಗೆ ಹಿಡಿತ ಸಿಗುವಂತಹ ದಾರಿ ಇದ್ದರೆ ದಯವಿಟ್ಟು ತಿಳಿಸಿ.

ಉತ್ತರ: ನಿವೃತ್ತ ಉಪನ್ಯಾಸಕ

ಮೇಡಂ, ಆ ವಿವರಣೆಯನ್ನು ನೀವು ನಿಸ್ಸಂಕೋಚವಾಗಿ ಕೈಬಿಡಬಹುದು. ಈ ಕಾಲರೂಪವು ಘಟನೆ ಎಷ್ಟು ಹಿಂದೆ ನಡೆಯಿತು ಎಂಬುದನ್ನು ಅಳೆಯುವುದಿಲ್ಲ. ಹೇಳುವವರು ಯಾವ ಕಾಲಾವಧಿಯೊಳಗೆ ನಿಂತು ಮಾತನಾಡುತ್ತಿದ್ದಾರೆ, ಆ ಅವಧಿ ಈ ಕ್ಷಣದವರೆಗೆ ಬಂದು ಮುಟ್ಟುತ್ತದೆಯೇ ಅಥವಾ ಮೊದಲೇ ಮುಗಿದುಹೋಗಿದೆಯೇ ಎಂಬುದೇ ಇಲ್ಲಿ ಮುಖ್ಯ. ಹಂಪಿಯನ್ನು ನೋಡಿದವರ ಮಾತಿನಲ್ಲಿ ಆ ಅವಧಿ ಅವರ ಇಡೀ ಬದುಕು; ಅದು ಇನ್ನೂ ನಡೆಯುತ್ತಿದೆ. ‘ಯೆಸ್ಟರ್‌ಡೇ’ ಎಂದೊಡನೆ ಅವಧಿ ನಿನ್ನೆಯ ರಾತ್ರಿಗೆ ಮುಗಿಯುತ್ತದೆ, ಆದ್ದರಿಂದ ಸಿಂಪಲ್ ಪಾಸ್ಟ್, ಅಂದರೆ ‘ಹ್ಯಾವ್’ ಇಲ್ಲದ ‘ಐ ಫಿನಿಶ್ಡ್’ ಎಂಬಂತಹ ಭೂತಕಾಲದ ರೂಪ, ಬೇಕಾಗುತ್ತದೆ. ‘ಲಾಸ್ಟ್ ವೀಕ್’, ‘ಇನ್ 2010’, ‘ಟೂ ಡೇಸ್ ಅಗೋ’ ಮುಂತಾದವುಗಳದ್ದೂ ಇದೇ ಸ್ವಭಾವ. ‘ವೆನ್’ ಎಂಬ ಪ್ರಶ್ನೆಯೂ ಮುಗಿದ ಒಂದು ಗಳಿಗೆಯನ್ನೇ ಕೇಳುವುದರಿಂದ ‘ವೆನ್ ಹ್ಯಾವ್ ಯು ಕಮ್?’ ಸರಿಯಲ್ಲ, ‘ವೆನ್ ಡಿಡ್ ಯು ಕಮ್?’ ಸರಿ.

ಮಕ್ಕಳು ಎಡವುವುದಕ್ಕೆ ಕಾರಣ ಅವರ ಅಜಾಗರೂಕತೆಯಲ್ಲ, ನಮ್ಮ ಭಾಷೆಯ ರಚನೆ. ‘ಬಂದಿದ್ದೇನೆ’, ‘ಮುಗಿಸಿದ್ದೇನೆ’ ಎಂಬ ರೂಪಗಳು ಇಂಗ್ಲಿಷಿನ ಪ್ರೆಸೆಂಟ್ ಪರ್ಫೆಕ್ಟ್‌ಗೆ ಬಹಳ ಹತ್ತಿರದವು. ‘ಬಂದು ಇದ್ದೇನೆ’ ಎಂದು ಬಿಡಿಸಿದರೆ ಅದರೊಳಗಿನ ವರ್ತಮಾನ ಕಾಣಿಸುತ್ತದೆ. ಆದರೆ ಕನ್ನಡ ಈ ರೂಪದ ಪಕ್ಕದಲ್ಲಿ ‘ನಿನ್ನೆ’ ಎಂಬ ಪದವನ್ನು ಧಾರಾಳವಾಗಿ ಸೇರಿಸಿಕೊಳ್ಳುತ್ತದೆ, ಇಂಗ್ಲಿಷ್ ಸೇರಿಸಿಕೊಳ್ಳುವುದಿಲ್ಲ.

ಆದರೂ ಕನ್ನಡವೇ ನಮಗೆ ಒಂದು ಒಳ್ಳೆಯ ಸಾಧನವನ್ನು ಕೊಟ್ಟಿದೆ. ವಾಕ್ಯವನ್ನು ನಿಷೇಧಾರ್ಥಕ್ಕೆ ತಿರುಗಿಸಲು ಮಕ್ಕಳಿಗೆ ಹೇಳಿ. ‘ನಾನು ಹಂಪಿ ನೋಡಿಲ್ಲ’ ಮತ್ತು ‘ನಾನು ಹಂಪಿ ನೋಡಲಿಲ್ಲ’ ಇವೆರಡರ ನಡುವಿನ ಅಂತರ ಯಾವ ಕನ್ನಡ ಮಗುವಿಗೂ ಪಾಠವಿಲ್ಲದೆಯೇ ತಿಳಿದಿರುತ್ತದೆ. ಮೊದಲನೆಯದು ಇಂದಿನವರೆಗಿನ ಸ್ಥಿತಿಯನ್ನು ಹೇಳುತ್ತದೆ: ‘ಐ ಹ್ಯಾವ್ ನಾಟ್ ಸೀನ್ ಹಂಪಿ’. ಎರಡನೆಯದನ್ನು ಕೇಳಿದರೆ ಯಾವುದೋ ಪ್ರವಾಸದಲ್ಲಿ ಅವಕಾಶ ತಪ್ಪಿತು ಎಂಬ ಭಾವನೆ ಬರುತ್ತದೆ: ‘ಐ ಡಿಡ್ ನಾಟ್ ಸೀ ಹಂಪಿ’. ‘ಊಟ ಮಾಡಿಲ್ಲ’ ಎಂದವರಿಗೆ ಈಗಲೂ ಬಡಿಸಬಹುದು. ‘ಮದುವೆ ಮನೆಯಲ್ಲಿ ಊಟ ಮಾಡಲಿಲ್ಲ’ ಎಂದವರ ಆ ಊಟದ ಹೊತ್ತು ಕಳೆದುಹೋಗಿದೆ. ‘-ಇಲ್ಲ’ ಬಂದಲ್ಲಿ ಪ್ರೆಸೆಂಟ್ ಪರ್ಫೆಕ್ಟ್, ‘-ಅಲಿಲ್ಲ’ ಬಂದಲ್ಲಿ ಸಿಂಪಲ್ ಪಾಸ್ಟ್ ಎಂದು ಆರಂಭಿಸಿದರೆ, ಹೊಸ ವ್ಯಾಕರಣವನ್ನು ಹೊರಗಿನಿಂದ ಹೇರಿದಂತಾಗುವುದಿಲ್ಲ.

ಉತ್ತರ: ಅನುವಾದಕಿ

ಮೇಲಿನ ವಿವರಣೆಯನ್ನು ಒಪ್ಪುತ್ತೇನೆ, ಆದರೆ ಒಂದು ಎಚ್ಚರಿಕೆ ಅಗತ್ಯ. ಆಡುಮಾತಿನಲ್ಲಿ ‘ನಿನ್ನೆ ಬಸ್ಸು ಬಂದೇ ಇಲ್ಲ’ ಎಂದೂ ಹೇಳುತ್ತೇವೆ. ಅದನ್ನು ಕೇಳಿ ಬೆಳೆದ ಮಗು ಈ ಸಾಧನವನ್ನು ನಂಬಿ ‘ದಿ ಬಸ್ ಹ್ಯಾಸ್ ನಾಟ್ ಕಮ್ ಯೆಸ್ಟರ್‌ಡೇ’ ಎಂದು ಬರೆದೀತು. ಆದ್ದರಿಂದ ನಿಷೇಧರೂಪವು ಕಿವಿಯನ್ನು ಸಿದ್ಧಗೊಳಿಸಲಿ, ಕೊನೆಯ ತೀರ್ಮಾನವನ್ನು ಕಾಲಸೂಚಕ ಪದವೇ ಮಾಡಲಿ.

ಕನ್ನಡದಿಂದ ಜಾರಿ ಬರುವ ಇನ್ನೂ ಕೆಲವು ತಪ್ಪುಗಳನ್ನು ಇದೇ ಪಾಠದಲ್ಲಿ ತಿದ್ದಬಹುದು. ‘ನಾನು ಎರಡು ಸಲ ಮೈಸೂರಿಗೆ ಹೋಗಿದ್ದೇನೆ’ ಎಂಬುದು ‘ಐ ಹ್ಯಾವ್ ಗಾನ್ ಟು ಮೈಸೂರು ಟ್ವೈಸ್’ ಆಗುತ್ತದೆ. ಹೋಗಿ ಹಿಂದಿರುಗಿದವರಿಗೆ ‘ಹ್ಯಾವ್ ಬೀನ್ ಟು’ ಬೇಕು, ಹೋದವರು ಇನ್ನೂ ಅಲ್ಲಿಯೇ ಇದ್ದರೆ ‘ಹ್ಯಾಸ್ ಗಾನ್ ಟು’ ಸರಿ. ‘ಹತ್ತು ವರ್ಷದಿಂದ ಇಲ್ಲಿದ್ದೇನೆ’, ‘2015ರಿಂದ ಇಲ್ಲಿದ್ದೇನೆ’ ಎಂಬ ಎರಡಕ್ಕೂ ಕನ್ನಡದಲ್ಲಿ ಒಂದೇ ‘ಇಂದ’ ಸಾಕಾಗುವುದರಿಂದ ‘ಐ ಆ್ಯಮ್ ಲಿವಿಂಗ್ ಹಿಯರ್ ಸಿನ್ಸ್ ಟೆನ್ ಇಯರ್ಸ್’ ಎಂಬ ವಾಕ್ಯ ಹುಟ್ಟುತ್ತದೆ. ಅದರಲ್ಲಿ ತಪ್ಪುಗಳು ಎರಡು: ಹಿಂದೆ ಆರಂಭವಾಗಿ ಈಗಲೂ ಮುಂದುವರಿದಿರುವ ಸ್ಥಿತಿಗೆ ‘ಐ ಹ್ಯಾವ್ ಲಿವ್ಡ್’ ಅಥವಾ ‘ಐ ಹ್ಯಾವ್ ಬೀನ್ ಲಿವಿಂಗ್’ ಎನ್ನಬೇಕು, ಜೊತೆಗೆ, ಅವಧಿಯ ಉದ್ದಕ್ಕೆ ‘ಫಾರ್’, ಆರಂಭದ ಬಿಂದುವಿಗೆ ‘ಸಿನ್ಸ್’ ಬರಬೇಕು.

ತೀರಿಹೋದವರ ವಿಷಯವನ್ನೂ ಮರೆಯಬಾರದು. ‘ವಿಶ್ವೇಶ್ವರಯ್ಯನವರು ಮೈಸೂರಿನ ದಿವಾನರಾಗಿ ಕೆಲಸ ಮಾಡಿದ್ದಾರೆ’ ಎಂಬುದು ಒಳ್ಳೆಯ ಕನ್ನಡ. ಆದರೆ ಅವರ ದಿವಾನಗಿರಿ 1918ರಲ್ಲಿ ಮುಗಿಯಿತು, ಅವರು 1962ರಲ್ಲಿ ನಿಧನರಾದರು. ಇಂಗ್ಲಿಷಿನಲ್ಲಿ ‘ಹ್ಯಾಸ್ ಸರ್ವ್ಡ್’ ಎಂದರೆ ಅವರು ಇನ್ನೂ ಬದುಕಿದ್ದಾರೆಂಬ ಧ್ವನಿ ಬರುತ್ತದೆ. ‘ಸರ್ವ್ಡ್’ ಎಂದಷ್ಟೇ ಬರೆಯಬೇಕು. ಕನ್ನಂಬಾಡಿ ಅಣೆಕಟ್ಟು ಮಾತ್ರ ಇಂದಿಗೂ ನಿಂತು ನೀರುಣಿಸುತ್ತಿರುವುದರಿಂದ, ಅದು ಮಂಡ್ಯದ ಬೇಸಾಯವನ್ನು ಬದಲಿಸಿದೆ ಎಂಬುದಕ್ಕೆ ‘ಹ್ಯಾಸ್ ಚೇಂಜ್ಡ್’ ಸರಿಯಾಗಿಯೇ ಹೊಂದುತ್ತದೆ. ಈ ಎರಡು ವಾಕ್ಯಗಳನ್ನು ಕರಿಹಲಗೆಯ ಮೇಲೆ ಒಂದರ ಕೆಳಗೊಂದು ಬರೆದು ಮಕ್ಕಳಿಂದಲೇ ಕಾರಣವನ್ನು ಹೇಳಿಸುವುದು ನನಗೆ ಬಹಳ ಇಷ್ಟವಾದ ಕ್ರಮ.

ಮರುಪ್ರಶ್ನೆ: ಪ್ರೌಢಶಾಲಾ ಶಿಕ್ಷಕಿ

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ‘ಟುಡೇ’, ‘ದಿಸ್ ಮಾರ್ನಿಂಗ್’ ಎಂಬವು ಯಾವ ಗುಂಪಿಗೆ ಸೇರುತ್ತವೆ? ಅಮೆರಿಕದಲ್ಲಿರುವ ಬಂಧುಗಳು ‘ಐ ಜಸ್ಟ್ ಏಟ್’ ಎನ್ನುವುದನ್ನು ಕೇಳಿದ್ದೇನೆ, ಅದು ತಪ್ಪೇ?

ಉತ್ತರ: ನಿವೃತ್ತ ಉಪನ್ಯಾಸಕ

‘ದಿಸ್ ಮಾರ್ನಿಂಗ್’ ಗಡಿಯಾರವನ್ನು ನೋಡಿ ನಿರ್ಧರಿಸಬೇಕಾದ ಪದ. ಬೆಳಿಗ್ಗೆ ಹತ್ತು ಗಂಟೆಗೆ ‘ಐ ಹ್ಯಾವ್ ನಾಟ್ ಸೀನ್ ಹರ್ ದಿಸ್ ಮಾರ್ನಿಂಗ್’ ಎನ್ನಬಹುದು. ಸಂಜೆ ಅದೇ ಸಂಗತಿಯನ್ನು ಹೇಳುವಾಗ ಬೆಳಗು ಮುಗಿದಿರುವುದರಿಂದ ‘ಐ ಡಿಡ್ ನಾಟ್ ಸೀ ಹರ್’ ಎನ್ನಬೇಕು. ‘ಟುಡೇ’ ಎರಡೂ ರೂಪಗಳೊಂದಿಗೆ ಬರುತ್ತದೆ. ಅಮೆರಿಕದವರ ‘ಐ ಜಸ್ಟ್ ಏಟ್’ ತಪ್ಪಲ್ಲ. ‘ಜಸ್ಟ್’, ‘ಆಲ್‌ರೆಡಿ’, ‘ಯೆಟ್’ ಇವುಗಳ ಜೊತೆಗೆ ಅವರು ಸಿಂಪಲ್ ಪಾಸ್ಟನ್ನು ಸಹಜವಾಗಿ ಬಳಸುತ್ತಾರೆ, ಬ್ರಿಟಿಷ್ ರೂಢಿಯಲ್ಲಿ ‘ಐ ಹ್ಯಾವ್ ಜಸ್ಟ್ ಈಟನ್’ ಹೆಚ್ಚು. ನಮ್ಮ ಪಠ್ಯಗಳು ಸಾಮಾನ್ಯವಾಗಿ ಬ್ರಿಟಿಷ್ ರೂಢಿಯನ್ನು ಅನುಸರಿಸುವುದರಿಂದ ಪರೀಕ್ಷೆಯಲ್ಲಿ ಎರಡನೆಯದನ್ನೇ ಬರೆಸಿ.

ಅಭ್ಯಾಸಕ್ಕೆ ಶಾಲೆಗೆ ಬರುವ ಇಂಗ್ಲಿಷ್ ಪತ್ರಿಕೆಯನ್ನೇ ಬಳಸಿಕೊಳ್ಳಿ. ವರದಿಯ ಮೊದಲ ವಾಕ್ಯ ಎಷ್ಟೋ ಸಲ ‘ದಿ ಗವರ್ನಮೆಂಟ್ ಹ್ಯಾಸ್ ಡಿಸೈಡೆಡ್’ ಎಂದು ಆರಂಭವಾಗಿ, ದಿನ ಅಥವಾ ವೇಳೆಯನ್ನು ಹೇಳಿದ ಕೂಡಲೇ ಸಿಂಪಲ್ ಪಾಸ್ಟ್‌ಗೆ ಹೊರಳುತ್ತದೆ. ಹೊರಳಿದ ಜಾಗದ ಕೆಳಗೆ ಗೆರೆ ಎಳೆಯಲು ಮಕ್ಕಳಿಗೆ ಹೇಳಿ. ಶೀರ್ಷಿಕೆಗಳನ್ನು ಮಾತ್ರ ಬಿಟ್ಟುಬಿಡಲು ಹೇಳಿ, ಅವುಗಳಲ್ಲಿ ನಡೆದುಹೋದ ಸಂಗತಿಗೂ ಸಿಂಪಲ್ ಪ್ರೆಸೆಂಟ್ ಬಳಸುವ ರೂಢಿಯಿದೆ.