‘ಗೈಡ್’ ಕೊನೆಯಲ್ಲಿ ಮಳೆ ಬಂತಾ? ಕಾದಂಬರಿ ಮತ್ತು ಸಿನಿಮಾ ಹೋಲಿಸೋದು ಹೇಗೆ?

ಮಡಿಕೇರಿ ಓದುಗ (ಪ್ರಶ್ನೆ):
ಎಲ್ಲರಿಗೂ ನಮಸ್ಕಾರ. ನಮ್ಮ ಓದುಗರ ಬಳಗದ ಮುಂದಿನ ಸಭೆಗೆ ಆರ್.ಕೆ. ನಾರಾಯಣ್ ಅವರ ‘ಗೈಡ್’ (1958) ಮತ್ತು ವಿಜಯ್ ಆನಂದ್ ನಿರ್ದೇಶನದ ಹಿಂದಿ ಚಿತ್ರ (1965) ಇಟ್ಟುಕೊಂಡಿದ್ದೇವೆ. ಸುಮಾರು ಹದಿನೈದು ಜನ, ಎರಡು ಗಂಟೆ ಸಮಯ. ಸಿನಿಮಾ ಮೂರು ಗಂಟೆಯದ್ದು, ಪೂರ್ತಿ ಹಾಕೋಕಾಗಲ್ಲ. ಹಾಗಾಗಿ ಕೊನೆಯ ಭಾಗವನ್ನಷ್ಟೇ ಹೋಲಿಸೋಣ ಅಂತಿದ್ದೇವೆ. “ಪುಸ್ತಕವೇ ಚೆನ್ನಾಗಿದೆ” ಅನ್ನೋ ಒಂದು ಮಾತಿಗೆ ಚರ್ಚೆ ಮುಗಿದುಹೋಗಬಾರದು. ಅಂತ್ಯ ಬದಲಾದಾಗ ಅರ್ಥ ಬದಲಾಗೋದು ಸರಿಯಾಗಿ ಎಲ್ಲಿ ಅಂತ ತೋರಿಸೋದು ಹೇಗೆ? ಕನ್ನಡದ್ದೂ ಒಂದು ಉದಾಹರಣೆ ಸಿಕ್ಕಿದ್ರೆ ಒಳ್ಳೇದು.

ಭಾಗಮಂಡಲ ಕಡೆಯವನು:
ಮೊದಲು ಪುಸ್ತಕದ ಕೊನೆಯ ಪುಟವನ್ನ ನಿಧಾನಕ್ಕೆ ಓದಿ, ಸರ್. ಊರಲ್ಲಿ ಬರಗಾಲ; ಜೈಲಿಂದ ಬಂದ ಹಳೇ ಟೂರಿಸ್ಟ್ ಗೈಡ್ ರಾಜುವನ್ನ ಊರವರು ಸ್ವಾಮಿ ಅಂತ ನಂಬಿದ್ದಾರೆ. ಹನ್ನೆರಡು ದಿನ ಉಪವಾಸವಿದ್ದು, ಮೊಣಕಾಲುದ್ದ ನೀರಲ್ಲಿ ನಿಂತು ಪ್ರಾರ್ಥನೆ ಮಾಡಿದ್ರೆ ಮಳೆ ಬರುತ್ತೆ ಅನ್ನೋದು ಊರವರ ನಂಬಿಕೆ. ಕೊನೆಗೆ ರಾಜುಗೆ ನಿಲ್ಲೋ ತ್ರಾಣವಿಲ್ಲ. ಒಂದು ಕಡೆ ಅವನನ್ನ ನಂಬಿದ ಹಳ್ಳಿಗ ವೇಲನ್, ಇನ್ನೊಂದು ಕಡೆ ಮತ್ತೊಬ್ಬ ಹಿಡಿದುಕೊಂಡು ಹೊಳೆಗೆ ಕರ್ಕೊಂಡು ಹೋಗ್ತಾರೆ. ಅವನು ನೀರಿಗಿಳಿದು ಬೆಟ್ಟದ ಕಡೆ ಮುಖ ಮಾಡಿ ನಿಲ್ತಾನೆ. ಬೆಟ್ಟದಲ್ಲಿ ಮಳೆ ಬರ್ತಿದೆ, ಅದು ಪಾದದಡಿಯಿಂದ ಕಾಲಿಗೆ ಏರ್ತಾ ಇರೋದು ಗೊತ್ತಾಗ್ತಿದೆ ಅಂತ ಹೇಳ್ತಾ ಕುಸೀತಾನೆ. ಕಾದಂಬರಿ ಅಲ್ಲಿಗೆ ಮುಗೀತು. ಒಂದು ಹನಿ ಬಿತ್ತು ಅಂತ ಬರೆದಿಲ್ಲ, ರಾಜು ಸತ್ತ ಅಂತಲೂ ಬರೆದಿಲ್ಲ. ಅದಕ್ಕೆ ಸ್ವಲ್ಪ ಮುಂಚೆ ಏನಿದೆ ನೋಡಿ: ಬೆಳಗಿನ ಬಿಸಿಲು ಬಿದ್ದಿದೆ.

ಈ ಬಿಸಿಲನ್ನ ಎಷ್ಟೋ ಜನ ಗಮನಿಸೋದೇ ಇಲ್ಲ. ಕೊಡಗಿನವರಿಗೆ ಮಾತ್ರ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ಬ್ರಹ್ಮಗಿರಿ ಮೇಲೆ ಹೊಡೆದ ಮಳೆಗೆ ಇಲ್ಲಿ ತ್ರಿವೇಣಿ ಸಂಗಮ ಮುಳುಗುತ್ತೆ. ಅದೇ ನೀರು ಕುಶಾಲನಗರ ಮುಟ್ಟುವಾಗ ಅಲ್ಲಿ ಮಳೆ ಇಲ್ಲದೆಯೂ ಇರಬಹುದು. ಅಂದ್ರೆ ಬಿಸಿಲಲ್ಲಿ ನಿಂತವನ ಕಾಲಿಗೆ ನೀರೇರೋದು ಭ್ರಮೆಯೇ ಆಗಬೇಕಿಲ್ಲ. ಇಷ್ಟು ದಿನ ಊಟ ಬಿಟ್ಟವನ ಕಾಲು ಮರಗಟ್ಟಿ ಹಾಗನ್ನಿಸಿದ್ದೂ ಇರಬಹುದು. ನಾರಾಯಣ್ ಎರಡಕ್ಕೂ ಜಾಗ ಬಿಟ್ಟಿದ್ದಾರೆ.

ಚಿತ್ರದಲ್ಲಿ ಮಳೆ ಜನರ ತಲೆ ಮೇಲೇ ಸುರಿಯುತ್ತೆ, ರಾಜು ಸಾಯ್ತಾನೆ. ಪುಸ್ತಕದಲ್ಲಿ ಒಬ್ಬನ ಕಾಲಿಗಷ್ಟೇ ಗೊತ್ತಾದದ್ದು ಇಲ್ಲಿ ಇಡೀ ಜಾತ್ರೆಗೆ ಗೊತ್ತಾಗುತ್ತೆ. ಅರ್ಥ ಬದಲಾಗಿದ್ದು ಇಲ್ಲೇ. ನಂಬೋದು ಬಿಡೋದು ಓದುಗನ ಕೈಯಲ್ಲಿತ್ತು, ಸಿನಿಮಾ ಅದನ್ನ ತಾನೇ ತೀರ್ಮಾನ ಮಾಡಿಬಿಡ್ತು.

ವಿರಾಜಪೇಟೆ ಮೇಷ್ಟ್ರು:
ಹೊಳೆಯ ವಿಷಯ ಚೆನ್ನಾಗಿ ಹೇಳಿದ್ರಿ. ಆದ್ರೆ ಮಳೆ ಸುರಿಸಿದ್ದಕ್ಕೇ ಅರ್ಥ ಹಾಳಾಯ್ತು ಅನ್ನೋದಾದ್ರೆ ಒಪ್ಪಲಾರೆ. ರಾಜು ಬದಲಾಗೋದು ಸಿನಿಮಾದವರ ಕಲ್ಪನೆಯಲ್ಲ. ಉಪವಾಸದ ನಡುವೆ, ನಾನು ಊಟ ಬಿಟ್ಟರೆ ಗಿಡಮರ ಚಿಗುರುತ್ತೆ ಅನ್ನೋದಾದ್ರೆ ಇದನ್ನ ಸರಿಯಾಗಿಯೇ ಯಾಕೆ ಮಾಡಬಾರದು ಅಂತ ರಾಜು ಯೋಚಿಸೋ ಭಾಗ ಕಾದಂಬರಿಯಲ್ಲೇ ಇದೆ. ಜೀವನದಲ್ಲಿ ಮೊದಲ ಸಲ ತನಗೇನೂ ಲಾಭವಿಲ್ಲದ ಕೆಲಸವನ್ನ ಮನಸ್ಸಿಟ್ಟು ಮಾಡ್ತಿದ್ದಾನೆ. ನನ್ನ ದೃಷ್ಟೀಲಿ ಕಾದಂಬರಿಯ ನಿಜವಾದ ಅಂತ್ಯ ಅದೇ. ಮಳೆ ಬಂದ್ರೂ ಬಾರದಿದ್ರೂ ಆ ಪ್ರಯತ್ನ ಸುಳ್ಳಾಗಲ್ಲ.

ಚಿತ್ರ ಆ ಒಳಗಿನ ಬದಲಾವಣೆಯನ್ನ ದೇಹ ಮತ್ತು ಆತ್ಮದ ಸಂವಾದ ಮಾಡಿ ಕೊನೆಗೆ ತಳ್ಳಿದೆ. ಜೊತೆಗೆ ತಾಯಿಯನ್ನೂ, ರಾಜು ಪ್ರೀತಿಸಿದ್ದ ನರ್ತಕಿ ರೋಸಿಯನ್ನೂ ಅಲ್ಲಿಗೆ ಕರೆಸಿದೆ. ಕಾದಂಬರಿಯ ಕೊನೆಯಲ್ಲಿ ರೋಸಿ ಬರೋದೇ ಇಲ್ಲ. ನನಗೆ ಮಳೆಗಿಂತ ದೊಡ್ಡ ಬದಲಾವಣೆ ಅನ್ನಿಸೋದು ಇದು. ಅವರು ಬಂದಮೇಲೆ ಆ ಸಾವು ಹಳೇ ತಪ್ಪುಗಳಿಗೆ ಪ್ರಾಯಶ್ಚಿತ್ತವಾಗುತ್ತೆ, ಮನೆಯವರ ಕ್ಷಮೆಯೂ ಸಿಗುತ್ತೆ. ಪುಸ್ತಕದ ರಾಜುಗೆ ಯಾರ ಕ್ಷಮೆಯೂ ಸಿಗಲ್ಲ.

ಇನ್ನೊಂದು. ನಾರಾಯಣ್ ಚಿತ್ರತಂಡಕ್ಕೆ ಮೈಸೂರು ಸುತ್ತಮುತ್ತಲ ಜಾಗಗಳನ್ನ ಖುದ್ದಾಗಿ ತೋರಿಸಿದ್ದರು. ಚಿತ್ರೀಕರಣ ಹೋದದ್ದು ಉದಯಪುರದಂಥ ಕಡೆಗೆ. ಆಮೇಲೆ ಅವರು ‘ಮಿಸ್‌ಗೈಡೆಡ್ ಗೈಡ್’ ಅಂತ ಪ್ರಬಂಧವನ್ನೇ ಬರೆದ್ರು. ಹೊಳೆ, ಅದರ ಮೇಲ್ಗಡೆ ಬೆಟ್ಟ, ಇವೆರಡೂ ಹಿಂದೆ ಸರಿದ ಮೇಲೆ “ಬೆಟ್ಟದಲ್ಲಿ ಮಳೆ” ಅನ್ನೋ ಮಾತಿಗೆ ತೂಕ ಎಲ್ಲಿಂದ ಬರಬೇಕು? ಮಳೆ ನೆತ್ತಿ ಮೇಲೇ ಬೀಳಬೇಕಾಗುತ್ತೆ.

ಮಡಿಕೇರಿ ಓದುಗ:
ಬಹಳ ಉಪಕಾರ ಆಯ್ತು. ಒಂದೇ ತೊಡಕು: ನಮ್ಮಲ್ಲಿ ಹೆಚ್ಚಿನವರು ಸಿನಿಮಾ ಮೊದಲೇ ನೋಡಿದ್ದಾರೆ. ಅದನ್ನ ಮನಸ್ಸಿಂದ ತೆಗೆಯೋದು ಹೇಗೆ?

ಸೋಮವಾರಪೇಟೆ:
ತೆಗೆಯೋಕಾಗಲ್ಲ, ಆದ್ರೆ ಪುಸ್ತಕದ ಮುಂದೆ ನಿಲ್ಲಿಸಬಹುದು. ಕೊನೆಯ ಹತ್ತು ಪುಟದ ಜೆರಾಕ್ಸ್ ಎಲ್ಲರಿಗೂ ಕೊಡಿ. ಕೊನೆಯ ಪುಟವನ್ನ ಒಬ್ಬರು ಜೋರಾಗಿ ಓದಲಿ. ತಕ್ಷಣ ಚೀಟಿ ಹಂಚಿ ಎರಡು ಪ್ರಶ್ನೆ ಕೇಳಿ: ಮಳೆ ಬಂತಾ? ರಾಜು ಸತ್ತನಾ? ಉತ್ತರದ ಜೊತೆ, ಅದಕ್ಕೆ ಆಧಾರವಾದ ವಾಕ್ಯಕ್ಕೆ ಪೆನ್ಸಿಲಲ್ಲಿ ಗೆರೆ ಎಳೀಬೇಕು. “ಬಂತು” ಅಂತ ಬರೆದವರು ಗೆರೆ ಎಳೆಯೋಕೆ ಹೋದಾಗ ಸಿಗೋದು ರಾಜುವಿನ ಮಾತು ಮಾತ್ರ, ಲೇಖಕರ ಮಾತಲ್ಲ. ಚರ್ಚೆ ಅಲ್ಲೇ ಶುರುವಾಗುತ್ತೆ. ಇದಕ್ಕೆಲ್ಲ ನಲವತ್ತು ನಿಮಿಷ ಇಟ್ಕೊಳ್ಳಿ.

ಆಮೇಲೆ ಚಿತ್ರದ ಕೊನೆಯ ಹದಿನೈದು ನಿಮಿಷ ಹಾಕಿ. ಅದರಲ್ಲೇ ಕಡೆಯ ಮೂರು ನಿಮಿಷವನ್ನ ಇನ್ನೊಮ್ಮೆ, ಸೌಂಡ್ ಪೂರ್ತಿ ತೆಗೆದು. ಸಂಗೀತ ಇಲ್ಲದಾಗ ಯಾರ ಮುಖಕ್ಕೆ ಕ್ಯಾಮೆರಾ ಎಷ್ಟು ಹೊತ್ತು ಕೊಟ್ಟಿದೆ ಅನ್ನೋದು ಕಾಣುತ್ತೆ. ಈ ಕ್ರಮ ತಿರುಗಿಸಬೇಡಿ. ಸಿನಿಮಾ ಮೊದಲು ಹಾಕಿದ್ರೆ ಪುಸ್ತಕದಲ್ಲೂ ಎಲ್ಲರಿಗೂ ಮಳೆ ಕಾಣುತ್ತೆ. ಮಳೆಗಾಲದಲ್ಲಿ ಮಾಡೋದಾದ್ರೆ ಕರೆಂಟು, ನೆಟ್‌ವರ್ಕ್ ಎರಡನ್ನೂ ನಂಬಬೇಡಿ. ಫೈಲು ಲ್ಯಾಪ್‌ಟಾಪ್‌ನಲ್ಲಿರಲಿ, ಬ್ಯಾಟರಿ ತುಂಬಿರಲಿ.

ಕನ್ನಡಕ್ಕೆ ‘ಚೋಮನ ದುಡಿ’ ತಗೊಳ್ಳಿ. ಶಿವರಾಮ ಕಾರಂತರ ಕಾದಂಬರಿ 1933ರದ್ದು, ಬಿ.ವಿ. ಕಾರಂತರ ಚಿತ್ರ 1975ರದ್ದು. ಚೋಮ ಬಾಗಿಲು ಹಾಕ್ಕೊಂಡು ದುಡಿ ಬಾರಿಸ್ತಾ ಸಾಯೋದು ಎರಡರಲ್ಲೂ ಇದೆ. ಘಟನೆ ಒಂದೇ ಇದ್ದೂ ಅನುಭವ ಬೇರೆ ಯಾಕೆ ಅನ್ನೋದಕ್ಕೆ ಇದಕ್ಕಿಂತ ಒಳ್ಳೇದು ಸಿಗಲ್ಲ. ಪುಟದಲ್ಲಿ ದುಡಿಯ ಸದ್ದು ಓದೋರ ವೇಗಕ್ಕೆ ತಕ್ಕಂತೆ ಮುಗಿದುಬಿಡುತ್ತೆ. ಚಿತ್ರದಲ್ಲಿ ಅದು ಎಷ್ಟು ಹೊತ್ತು ಅಂತ ನಿರ್ದೇಶಕರು ತೀರ್ಮಾನಿಸ್ತಾರೆ, ನಾವು ಕೂತು ಕೇಳಲೇಬೇಕು. ಸಂಗೀತವೂ ಅವರದ್ದೇ. ಇದಕ್ಕೆ ಲ್ಯಾಪ್‌ಟಾಪ್ ಸ್ಪೀಕರ್ ಸಾಲದು, ಚರ್ಮವಾದ್ಯದ ತಗ್ಗಿನ ನಾದ ಅದರಲ್ಲಿ ಬರೋದೇ ಇಲ್ಲ. ದೊಡ್ಡ ಸ್ಪೀಕರ್ ತನ್ನಿ.

ಭಾಗಮಂಡಲ ಕಡೆಯವನು:
ಮುಂದೆ ಬೇರೆ ಕಾದಂಬರಿ ತಗೊಂಡ್ರೆ, ನಿರ್ದೇಶಕರನ್ನ ದೂರೋ ಮುಂಚೆ ಪುಸ್ತಕದ ಪ್ರತಿ ನೋಡಿ. ಡಿಕನ್ಸ್‌ನ ‘ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್’ಗೆ ಲೇಖಕನದ್ದೇ ಎರಡು ಅಂತ್ಯ. ಮೊದಲು ಬರೆದದ್ದರಲ್ಲಿ ನಾಯಕ ಪಿಪ್, ಅವನು ಪ್ರೀತಿಸಿದ ಎಸ್ಟೆಲ್ಲಾ ಬೀದಿಯಲ್ಲಿ ಸಿಕ್ಕಿ ಬೇರೆಯಾಗ್ತಾರೆ. ಗೆಳೆಯ ಬುಲ್ವರ್ ಲಿಟ್ಟನ್ ಸಲಹೆ ಮೇಲೆ ಅದನ್ನ ತಿದ್ದಿ 1861ರಲ್ಲಿ ಅಚ್ಚು ಹಾಕಿಸಿದ. ಡೇವಿಡ್ ಲೀನ್ 1946ರ ಚಿತ್ರದಲ್ಲಿ ಇವೆರಡನ್ನೂ ಬಿಟ್ಟು, ಪಿಪ್ ಕೈಯಿಂದ ಎಸ್ಟೆಲ್ಲಾ ಬೆಳೆದ ಕತ್ತಲೆ ಮನೆಯ ಪರದೆಗಳನ್ನ ಕಿತ್ತುಹಾಕಿಸ್ತಾನೆ. ಹಳೇ ಅಂತ್ಯ ಕೆಲವು ಪ್ರತಿಗಳಲ್ಲಿ ಅನುಬಂಧವಾಗಿ ಇರುತ್ತೆ. ಅಂಥದ್ದನ್ನೇ ಹುಡುಕಿ ತರಿಸಿ, ಮಕ್ಕಳಿಗೆ ಸಂಕ್ಷೇಪಿಸಿದ ಪ್ರತಿ ಈ ಕೆಲಸಕ್ಕೆ ಬೇಡ.