‘ನವರಂಗ’ ಹಕ್ಕಿಗೆ ನಿಮ್ಮೂರಲ್ಲಿ ಏನಂತಾರೆ?

ಎಲ್ಲರಿಗೂ ನಮಸ್ಕಾರ.

ಇಂಡಿಯನ್ ಪಿಟ್ಟ ಅನ್ನುವ ಹಕ್ಕಿಗೆ ಕನ್ನಡದ ಹಕ್ಕಿ ಪುಸ್ತಕಗಳಲ್ಲಿ ‘ನವರಂಗ’ ಎಂದಿರುತ್ತದೆ. ಈ ಹೆಸರು ಹಳ್ಳಿಯವರ ಬಾಯಲ್ಲಿ ಇದೆಯಾ ಅನ್ನುವುದು ನನ್ನ ಪ್ರಶ್ನೆ. ಹಿಂದಿಯಲ್ಲೂ ಇದು ನವರಂಗ್, ಅದಕ್ಕೇ ಅನುಮಾನ. ಕನ್ನಡದಲ್ಲಿ ನವರಂಗ ಅಂದರೆ ಮೊದಲು ನೆನಪಾಗುವುದು ಹೊಯ್ಸಳ ಗುಡಿಗಳ ಒಂಬತ್ತು ಅಂಕಣದ ಮಂಟಪ. ಬೆಂಗಳೂರಿನವರಿಗಾದರೆ ರಾಜಾಜಿನಗರದ ಚಿತ್ರಮಂದಿರ!

ಗುರುತು ಹೇಳುತ್ತೇನೆ. ಮೈನಾಕ್ಕಿಂತ ಸ್ವಲ್ಪ ಚಿಕ್ಕದು. ದುಂಡು ಮೈ, ಮೋಟು ಬಾಲ. ಬೆನ್ನು ಹಸಿರು, ರೆಕ್ಕೆಯಲ್ಲಿ ಹೊಳೆಯುವ ನೀಲಿ ಮಚ್ಚೆ. ಕಣ್ಣನ್ನು ಹಾದುಹೋಗುವ ದಪ್ಪ ಕಪ್ಪು ಪಟ್ಟೆ, ಅದರ ಮೇಲೆ ಬಿಳಿ ಹುಬ್ಬು. ಗಂಟಲು ಬಿಳಿ, ಎದೆ ತಿಳಿಕಂದು, ಬಾಲದ ಬುಡದಡಿ ಕಡುಗೆಂಪು. ಎಣಿಸಿದರೆ ಆರು ಬಣ್ಣ ಸಿಗುತ್ತವೆ, ಒಂಬತ್ತಲ್ಲ. ‘ನವ’ ಇಲ್ಲಿ ಸುಮ್ನೆ ‘ಬಣ್ಣಬಣ್ಣದ್ದು’ ಅನ್ನುವ ಅರ್ಥದಲ್ಲಿ ಬಂದಿರಬೇಕು, ಅಲ್ವಾ?

ಇಷ್ಟು ಬಣ್ಣವಿದ್ದರೂ ಕಣ್ಣಿಗೆ ಬೀಳುವುದು ಕಡಿಮೆ. ಪೊದೆಗಳ ಅಡಿಯಲ್ಲಿ, ಬಿದಿರು ಮೆಳೆಯ ನೆರಳಲ್ಲಿ ಕುಪ್ಪಳಿಸುತ್ತಾ ಓಡಾಡುತ್ತದೆ. ತರಗೆಲೆಯನ್ನು ಕೊಕ್ಕಿನಲ್ಲಿ ಮಗುಚಿ ಹುಳ ಹೆಕ್ಕುತ್ತದೆ. ಮಳೆಗಾಲದಲ್ಲಿ ಮುಖ್ಯವಾಗಿ ಹಿಮಾಲಯದ ತಪ್ಪಲಲ್ಲಿ, ಮಧ್ಯ ಭಾರತದಲ್ಲಿ ಮರಿ ಮಾಡಿ, ಚಳಿಗಾಲಕ್ಕೆ ದಕ್ಷಿಣಕ್ಕೆ ಬರುತ್ತದೆ. ರಾತ್ರಿ ಹೊತ್ತು ಹಾರಿ ಬರುವ ಹಕ್ಕಿ. ಹಾಗೆ ಬಂದು ಸುಸ್ತಾಗಿ ಮನೆಯಂಗಳದಲ್ಲೇ ಕೂತುಬಿಡುವುದೂ ಉಂಟು.

ಕೂಗು ಮಾತ್ರ ತಪ್ಪದೆ ಕೇಳಿಸುತ್ತದೆ. ಬೆಳಗಾಗುವಾಗ, ಸಂಜೆ ಕತ್ತಲಾಗುವಾಗ ಎರಡೇ ಸ್ವರದ ಗಟ್ಟಿ ಸಿಳ್ಳೆ. ತಮಿಳರು ಇದನ್ನು ‘ಆರುಮಣಿ ಕುರುವಿ’ ಅನ್ನುತ್ತಾರೆ, ಆರು ಗಂಟೆಯ ಹಕ್ಕಿ. ಎಷ್ಟು ಸರಿಯಾದ ಹೆಸರು! ‘ಪಿಟ್ಟ’ ಕೂಡ ತೆಲುಗಿನದೇ, ಅಲ್ಲಿ ಯಾವುದೇ ಪುಟ್ಟ ಹಕ್ಕಿಗೂ ಆ ಮಾತು ಸಲ್ಲುತ್ತದೆ. ಜಾಸ್ತಿ ಕೇಳಿಸುವ, ಅಪರೂಪಕ್ಕೆ ಕಾಣುವ ಹಕ್ಕಿಗೆ ನಮ್ಮ ಜನ ಬಣ್ಣ ನೋಡಿ ಹೆಸರಿಟ್ಟರು ಅಂದರೆ ನನಗೆ ನಂಬಿಕೆ ಬರುವುದಿಲ್ಲ. ಕಾಗೆ, ಟಿಟ್ಟಿಭಗಳ ಹಾಗೆ ಇದಕ್ಕೂ ಕೂಗಿನಿಂದ ಹುಟ್ಟಿದ ಹೆಸರು ಎಲ್ಲೋ ಇರಬೇಕು.

ಮಲೆನಾಡು, ಕರಾವಳಿ, ಚಾಮರಾಜನಗರದ ಕಡೆಯವರು ದಯವಿಟ್ಟು ಮನೆಯ ಹಿರಿಯರನ್ನು, ದನ ಕಾಯುವವರನ್ನು ಕೇಳಿ ನೋಡಿ. ತುಳು, ಕೊಡವ, ಸೋಲಿಗರ ನುಡಿಯ ಹೆಸರಾದರೂ ಆದೀತು. ಫೋಟೋ ತೋರಿಸುವ ಬದಲು ಕೂಗು ಕೇಳಿಸಿದರೆ ಗುರುತು ಹಿಡಿಯುವುದು ಸುಲಭ. ಯಾವ ಊರು, ಹೇಗೆ ಉಚ್ಚರಿಸುತ್ತಾರೆ ಅನ್ನುವುದನ್ನೂ ಬರೆಯಿರಿ.