ಬಳಸದ ಕ್ರೆಡಿಟ್ ಕಾರ್ಡಿಗೂ ಶುಲ್ಕವೇ?

ಪ್ರಶ್ನೆ: ವರ್ಷದಿಂದ ಉಜ್ಜದ ಕಾರ್ಡಿಗೆ ಶುಲ್ಕ ಬಂದಿದೆ. ಕಟ್ಟಲೇಬೇಕೆ? ಕತ್ತರಿಸಿ ಎಸೆದರೆ ಸಾಕೇ?

ಉತ್ತರ 1: ಸಾಲದು, ಖಾತೆ ಹಾಗೇ ಉಳಿಯುತ್ತದೆ. ಬಿಲ್‌ನಲ್ಲಿ ಶುಲ್ಕದ ಹೆಸರು ನೋಡಿ. ಹೆಚ್ಚಾಗಿ ಅದು ವಾರ್ಷಿಕ ಶುಲ್ಕ. ಬಳಸಿದರೂ ಬಿಟ್ಟರೂ ಬರುತ್ತದೆ. ಬಳಸದ್ದಕ್ಕೇ ಹಾಕುವ ಶುಲ್ಕ ಬೇರೆ. ಅಮೆರಿಕದಲ್ಲಿ 2010ರಿಂದ ಅದಕ್ಕೆ ನಿಷೇಧವಿದೆ. ಬಿಲ್ ಕಟ್ಟುವ ಕೊನೆಯ ದಿನಾಂಕದೊಳಗೆ ಬ್ಯಾಂಕಿಗೆ ಫೋನ್ ಮಾಡಿ ಮನ್ನಾ ಕೇಳಿ, ಒಪ್ಪದಿದ್ದರೆ ವಾರ್ಷಿಕ ಶುಲ್ಕವಿಲ್ಲದ ಕಾರ್ಡಿಗೆ ಬದಲಿಸಿಕೊಡಲು ಹೇಳಿ. ದಯವಿಟ್ಟು ಸುಮ್ಮನಿರಬೇಡಿ: ಬಡ್ಡಿ, ತಡಪಾವತಿ ದಂಡ ಸೇರಿ ಕ್ರೆಡಿಟ್ ಸ್ಕೋರಿಗೂ ಪೆಟ್ಟು ಬೀಳುತ್ತದೆ.

ಉತ್ತರ 2: ಮುಚ್ಚಿಸುವ ಮೊದಲು ಆಟೋ-ಪೇ ತೆಗೆಯಿರಿ, ರಿವಾರ್ಡ್ ಪಾಯಿಂಟ್ ಬಳಸಿ, ಬಾಕಿ ಸೊನ್ನೆ ಮಾಡಿ. ಮುಚ್ಚಿದ್ದಕ್ಕೆ ಬರಹದ ದೃಢೀಕರಣ ಪಡೆಯಿರಿ.

ಉತ್ತರ 3: ಶುಲ್ಕವಿಲ್ಲದ ಹಳೇ ಕಾರ್ಡನ್ನು ಮುಚ್ಚಿಸದಿರುವುದೇ ಮೇಲು. ಮುಚ್ಚಿಸಿದರೆ ನಿಮ್ಮ ಎಲ್ಲ ಕಾರ್ಡುಗಳ ಒಟ್ಟು ಸಾಲದ ಮಿತಿ ಇಳಿಯುತ್ತದೆ. ಅದು ಅರ್ಧವಾದರೆ, ಮಿತಿಯ ಶೇ. 20ರಷ್ಟಿದ್ದ ಬಳಕೆ ಶೇ. 40 ಆಗಿ ಕಂಡು ಕ್ರೆಡಿಟ್ ಸ್ಕೋರ್ ಇಳಿಯಬಹುದು.